ಉತ್ತರ ವೇಲ್ಸಿಗೆ ಸಲ್ಲಬೇಕಾದ ನ್ಯಾಯ

ವೇಲ್ಸ್ ದೇಶದ ಹಳೆಯ ರಗ್ಬಿ ತಂಡಗಳಲ್ಲಿ ಹೆಚ್ಚಿನವು ಊರುಗಳಿಂದ ಹುಟ್ಟಿದವು. ಕಲ್ಲಿದ್ದಲ ಗಣಿಯ ಕಾರ್ಮಿಕರೂ ಕಬ್ಬಿಣದ ಕುಲುಮೆಯವರೂ ಶಾಲೆಯ ಉಪಾಧ್ಯಾಯರೂ ವಾರದ ದುಡಿಮೆ ಮುಗಿದ ಶನಿವಾರದ ಮಧ್ಯಾಹ್ನ ಒಂದು ಬಯಲಿನಲ್ಲಿ ಕೂಡಿ, ತಮ್ಮ ಊರಿನ ಹೆಸರನ್ನು ಎದೆಯ ಮೇಲೆ ಧರಿಸಿ, ಪಕ್ಕದ ಕಣಿವೆಯವರನ್ನು ಎದುರಿಸಿದುದೇ ಅವುಗಳ ಜನ್ಮವೃತ್ತಾಂತ. ಆದರೆ 2008ರಲ್ಲಿ ವೆಲ್ಷ್ ರಗ್ಬಿ ಒಕ್ಕೂಟವು ದೇಶದ ಉತ್ತರಭಾಗಕ್ಕೆಂದು ಸ್ಥಾಪಿಸಿದ ವಿಕಾಸತಂಡಕ್ಕೆ ಅಂಥ ಊರೂ ಇರಲಿಲ್ಲ, ಪರಂಪರೆಯೂ ಇರಲಿಲ್ಲ. ಅದು ಸಮಿತಿಯೊಂದರ ನಿರ್ಣಯದಿಂದ ಹುಟ್ಟಿದ ಶಿಶು. ಹಾಗೆ ಹುಟ್ಟಿದುದು ಒಂಬತ್ತು ವರ್ಷಗಳ ತರುವಾಯ, 2017ರ ಏಪ್ರಿಲ್ 30ರಂದು, ಕಾರ್ಡಿಫ್ ನಗರದ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಪಾಂಟಿಪ್ರಿದ್ ಎಂಬ ಪ್ರಖ್ಯಾತ ತಂಡವನ್ನು 15-11 ಅಂಕಗಳಿಂದ ಸೋಲಿಸಿ, ದೇಶದ ಕ್ಲಬ್ಬುಗಳ ಕಪ್ಪನ್ನು ಪ್ರಪ್ರಥಮವಾಗಿ ಉತ್ತರಕ್ಕೆ ಒಯ್ದಿತು. ಈ ಏಳಿಗೆಯನ್ನು ಆಡಳಿತದ ಜಾಣತನಕ್ಕೆ ಸಂದ ಪ್ರತಿಫಲವೆಂದು ಬಗೆಯುವವರಿದ್ದಾರೆ. ನನ್ನ ಅಭಿಪ್ರಾಯ ಬೇರೆ. ಶತಮಾನಕ್ಕೂ ಮಿಕ್ಕಿ ಬಾಕಿಯಿದ್ದ ಋಣವೊಂದರ ಮೊದಲ ಕಂತು ಅಂದು ಸಂದಾಯವಾಯಿತು, ಉಳಿದುದು ಇನ್ನೂ ಉಳಿದೇ ಇದೆ ಎಂಬುದು ನಾನು ಇಲ್ಲಿ ಪ್ರತಿಪಾದಿಸಬಯಸುವ ವಿಚಾರ.

ಈ ಮಾತಿನ ಅರ್ಥ ಸ್ಫುಟವಾಗಬೇಕಾದರೆ ಆ ನಾಡಿನ ಭೂಲಕ್ಷಣವನ್ನು ಸ್ವಲ್ಪ ನೋಡಬೇಕಾಗುತ್ತದೆ. ವೇಲ್ಸಿನ ಜನಸಂಖ್ಯೆ ಸುಮಾರು 31 ಲಕ್ಷ; ಅದರಲ್ಲಿ ಉತ್ತರದ ಆರು ಕೌಂಟಿಗಳಾದ ಆಂಗಲ್‌ಸಿ, ಗ್ವಿನೆದ್, ಕಾನ್ವಿ, ಡೆನ್‌ಬಿಷೈರ್, ಫ್ಲಿಂಟ್‌ಷೈರ್, ರೆಕ್ಸಮ್ ಇವುಗಳಲ್ಲಿ ಏಳು ಲಕ್ಷಕ್ಕೆ ತುಸು ಕಡಮೆ ಜನ ವಾಸಿಸುತ್ತಾರೆ. ಈ ಉತ್ತರಕ್ಕೂ, ಜನಭರಿತವಾದ ದಕ್ಷಿಣದ ಕಣಿವೆಗಳಿಗೂ ನಡುವೆ ಬೆಟ್ಟಗಳ ಸಾಲು ಅಡ್ಡ ಮಲಗಿದೆ. ಉತ್ತರ ಕರಾವಳಿಯಿಂದ ಕಾರ್ಡಿಫ್‌ಗೆ ರೈಲಿನಲ್ಲಿ ಹೊರಟವನು ಪೂರ್ವಕ್ಕೆ ತಿರುಗಿ, ಇಂಗ್ಲೆಂಡಿನ ಶ್ರೂಸ್‌ಬರಿಯ ಮೂಲಕ ಹಾಯ್ದು, ಮತ್ತೆ ಸ್ವದೇಶವನ್ನು ಪ್ರವೇಶಿಸಬೇಕು; ರಸ್ತೆಯಲ್ಲಿ ಹೊರಟವನು ಬೆಟ್ಟಗಳ ನಡುವೆ ಅಂಕುಡೊಂಕಾಗಿ ಸಾಗುವ ಎ470 ಹೆದ್ದಾರಿಯಲ್ಲಿ ನಾಲ್ಕು ಗಂಟೆಗಳನ್ನಾದರೂ ಕಳೆಯಬೇಕು. ಆದಕಾರಣ ಉತ್ತರದವರ ವ್ಯಾಪಾರ, ಉದ್ಯೋಗ, ಆಸ್ಪತ್ರೆ, ಮನರಂಜನೆ ಎಲ್ಲವೂ ಬಹುಕಾಲದಿಂದ ಲಿವರ್‌ಪೂಲ್, ಮ್ಯಾಂಚೆಸ್ಟರ್, ಚೆಸ್ಟರ್ ನಗರಗಳ ಕಡೆಗೆ ಹರಿದುಹೋದುವು. ಒಂದೇ ದೇಶ, ಒಂದೇ ಧ್ವಜ, ಒಂದೇ ಪುರಾತನ ಭಾಷೆ. ಆದರೂ ಅದರ ಎರಡು ಭಾಗಗಳು ಬೆನ್ನಿಗೆ ಬೆನ್ನು ಕೊಟ್ಟು ಕುಳಿತಂತೆ ಬಾಳಿದುವು.

ರಗ್ಬಿ ವೇಲ್ಸಿನ ರಾಷ್ಟ್ರೀಯ ಕ್ರೀಡೆಯೆಂಬ ಮಾತು ಲೋಕಪ್ರಸಿದ್ಧವಾಗಿದ್ದರೂ, ಆ ಖ್ಯಾತಿಯನ್ನು ಗಳಿಸಿದ್ದು ಮುಖ್ಯವಾಗಿ ದಕ್ಷಿಣ ವೇಲ್ಸು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಲ್ಲಿದ್ದಲ ಕಣಿವೆಗಳಿಗೆ ಪಶ್ಚಿಮ ಇಂಗ್ಲೆಂಡಿನಿಂದಲೂ ಗ್ರಾಮೀಣ ವೇಲ್ಸಿನಿಂದಲೂ ಜನರು ಪ್ರವಾಹದಂತೆ ಬಂದು ನೆಲಸಿದಾಗ, ಲ್ಯಾಂಪೀಟರ್, ಲಾಂಡವರಿ ಮೊದಲಾದ ವಿದ್ಯಾಶಾಲೆಗಳಲ್ಲಿ ಸಂಭಾವಿತರ ಮಕ್ಕಳು ಕಲಿತ ಈ ಆಟವು ಕೂಲಿಕಾರರ ಕೈಗೆ ಬಂದು ಅವರದೇ ಆಯಿತು. 1905ರಲ್ಲಿ ಬ್ರಿಟನ್ನನ್ನೆಲ್ಲ ಜಯಿಸುತ್ತ ಬಂದ ನ್ಯೂಜಿಲೆಂಡ್ ತಂಡವನ್ನು ಕಾರ್ಡಿಫ್‌ನಲ್ಲಿ ವೇಲ್ಸ್ 3-0 ಅಂಕಗಳಿಂದ ಸೋಲಿಸಿದ ದಿನದಿಂದ ರಗ್ಬಿಯು ಅಲ್ಲಿನ ಜನತೆಗೆ ಸ್ವಾಭಿಮಾನದ ಮೂರ್ತರೂಪವಾಗಿ ಪರಿಣಮಿಸಿತು. ಅದೇ ವರ್ಷಗಳಲ್ಲಿ ಉತ್ತರದ ಸ್ಲೇಟುಕಲ್ಲಿನ ಗಣಿಗಳ ಕಥೆ ಬೇರೆಯಾಗಿದ್ದಿತು. 1900ರಿಂದ 1903ರವರೆಗೆ ಪೆನ್ರಿನ್ ಗಣಿಯಲ್ಲಿ ನಡೆದ ಹೋರಾಟದಿಂದ ಗ್ರಾಮಗಳು ಒಡೆದು ಎರಡಾಗಿ, ಕುಟುಂಬಗಳು ದಕ್ಷಿಣದ ಕಲ್ಲಿದ್ದಲ ಗಣಿಗಳಿಗೆ ವಲಸೆ ಹೋದುವು. ಉತ್ತರದಲ್ಲಿ ಬೇರೂರಿದ ಆಟ ಫುಟ್‌ಬಾಲು. ವೇಲ್ಸಿನ ಫುಟ್‌ಬಾಲ್ ಸಂಸ್ಥೆ ಜನ್ಮತಾಳಿದ್ದು 1876ರಲ್ಲಿ ಉತ್ತರದ ರೆಕ್ಸಮ್ ನಗರದಲ್ಲಿ. ರಗ್ಬಿ ಒಕ್ಕೂಟ ಜನ್ಮತಾಳಿದ್ದು 1881ರಲ್ಲಿ ದಕ್ಷಿಣದ ನೀತ್ ಪಟ್ಟಣದಲ್ಲಿ. ಎರಡು ಕ್ರೀಡೆಗಳು ಎರಡು ದಿಕ್ಕುಗಳನ್ನು ಹಂಚಿಕೊಂಡುವೋ ಎಂಬಂತೆ ಕಾಣುವ ಈ ಚಿತ್ರವನ್ನು ಮುಂದಿನವರು ಪ್ರಶ್ನಿಸದೆ ಅಂಗೀಕರಿಸಿಬಿಟ್ಟರು.

ಚಿತ್ರವಾದರೋ ಪೂರ್ಣವಾದುದಲ್ಲ. ರಗ್ಬಿ ಒಕ್ಕೂಟದ ಸ್ಥಾಪಕರೆಂದು ದಾಖಲೆಯಲ್ಲಿ ನಮೂದಾಗಿರುವ ಹನ್ನೊಂದು ಕ್ಲಬ್ಬುಗಳ ಪಟ್ಟಿಯಲ್ಲಿ ಉತ್ತರದ ಬ್ಯಾಂಗರ್ ಕೂಡ ಇದೆ. 1880ರ ದಶಕದಲ್ಲಿ ವೇಲ್ಸಿನ ಪರವಾಗಿ ಆಡಿ, 1915ರ ಜನವರಿಯಲ್ಲಿ ಡಾಗರ್ ಬ್ಯಾಂಕಿನ ನೌಕಾಯುದ್ಧದಲ್ಲಿ ಅಸುನೀಗಿದ ಚಾರ್ಲ್ಸ್ ಟೇಲರ್ ಉತ್ತರದ ರುಅಬನ್ನಿನ ಶಾಲೆಯಲ್ಲಿ ಕಲಿತವನು. ಆ ಮಹಾಯುದ್ಧದಲ್ಲಿ ಮಡಿದ ವೆಲ್ಷ್ ರಾಷ್ಟ್ರೀಯ ಆಟಗಾರರಲ್ಲಿ ಅವನೇ ಮೊದಲಿಗ. 1933ರಲ್ಲಿ ವೇಲ್ಸ್ ಟ್ವಿಕನ್‌ಹ್ಯಾಮಿನಲ್ಲಿ ಇಂಗ್ಲೆಂಡನ್ನು ಮೊಟ್ಟಮೊದಲ ಬಾರಿಗೆ ಗೆದ್ದಾಗ, ಮುಂದೆ 1935ರಲ್ಲಿ ನ್ಯೂಜಿಲೆಂಡನ್ನು ಮತ್ತೆ ಸೋಲಿಸಿದಾಗ, ತಂಡದಲ್ಲಿದ್ದ ವಿಲ್ಫ್ ವುಲರ್ ಹುಟ್ಟಿದ್ದು ಕಾಲ್ವಿನ್ ಬೇ ಪಟ್ಟಣಕ್ಕೆ ಹೊಂದಿಕೊಂಡಿರುವ ರೋಸ್-ಆನ್-ಸೀ ಎಂಬಲ್ಲಿ. ವೆಲ್ಷ್ ಸಾಹಿತ್ಯದಲ್ಲಿಯೂ ರಾಷ್ಟ್ರವಾದದಲ್ಲಿಯೂ ಹೆಸರಾಂತ ಆಂಬ್ರೋಸ್ ಬೆಬ್ ಅವರ ಮಗ, 1959ರಿಂದ ಮುಂದಕ್ಕೆ ರಾಷ್ಟ್ರೀಯ ತಂಡದ ವಿಂಗ್ ಆಗಿ ಮೆರೆದ ಡೆವಿ ಬೆಬ್, ಬ್ಯಾಂಗರಿನವನು. 1987ರ ಮೊದಲ ವಿಶ್ವಕಪ್ಪಿನಲ್ಲಿ ವೇಲ್ಸನ್ನು ಮೂರನೆಯ ಸ್ಥಾನಕ್ಕೆ ಮುಟ್ಟಿಸಿದ ತರಬೇತುದಾರ ಟೋನಿ ಗ್ರೇ ಉತ್ತರದವನು. ಹುಕರ್ ಸ್ಥಾನದಲ್ಲಿ ಆಡಿ, ತರುವಾಯ ರಾಷ್ಟ್ರೀಯ ತಂಡದ ಮುಂಚೂಣಿಯ ಆಟಗಾರರಿಗೆ ಗುರುವಾಗಿದ್ದ ರಾಬಿನ್ ಮೆಕ್‌ಬ್ರೈಡ್ ಕೂಡ ಮೆನೈ ಜಲಸಂಧಿಯ ತೀರದಲ್ಲಿ ಬೆಳೆದವನು. 2010ರಲ್ಲಿ ಹದಿನೆಂಟರ ಹರೆಯದಲ್ಲಿಯೇ ದಕ್ಷಿಣ ಆಫ್ರಿಕದ ವಿರುದ್ಧ ಎರಡು ಟ್ರೈ ಗಳಿಸಿ ಲೋಕವನ್ನು ಬೆರಗುಗೊಳಿಸಿದ ಜಾರ್ಜ್ ನಾರ್ತ್, ಇಂಗ್ಲೆಂಡಿನಲ್ಲಿ ಹುಟ್ಟಿದನಾದರೂ, ಬಾಲ್ಯವನ್ನು ಕಳೆದದ್ದು ಆಂಗಲ್‌ಸಿಯಲ್ಲಿ.

ಈ ಹೆಸರುಗಳನ್ನು ನಾನು ವಿಸ್ತಾರವಾಗಿ ಹೇಳಿದ್ದಕ್ಕೆ ಕಾರಣವಿದೆ. ಉತ್ತರದಲ್ಲಿ ಪ್ರತಿಭೆಯ ಕ್ಷಾಮವಿರಲಿಲ್ಲವೆಂಬುದು ಇವುಗಳಿಂದ ಸಿದ್ಧವಾಗುತ್ತದೆ. ಆದರೆ ಇವರಲ್ಲಿ ದೊಡ್ಡವರಾದವರೆಲ್ಲ ದೊಡ್ಡವರಾದದ್ದು ಊರು ಬಿಟ್ಟ ಮೇಲೆ ಎಂಬುದೂ ಅಷ್ಟೇ ಸ್ಪಷ್ಟ. ಬೆಬ್ ಸ್ವಾನ್ಸೀ ತಂಡವನ್ನು ಸೇರಬೇಕಾಯಿತು. ಮೆಕ್‌ಬ್ರೈಡ್ ಸ್ವಾನ್ಸೀಗೂ ಅನಂತರ ಲನೆಥ್ಲಿಗೂ ಹೋಗಬೇಕಾಯಿತು. ನಾರ್ತ್ ಎಳೆಯ ವಯಸ್ಸಿನಲ್ಲಿಯೇ ದಕ್ಷಿಣದ ಲಾಂಡವರಿಯ ವಸತಿಶಾಲೆಗೆ ಸೇರಿ, ಅಲ್ಲಿಂದ ಸ್ಕಾರ್ಲೆಟ್ಸ್ ತಂಡಕ್ಕೆ ನಡೆದನು. ಹೋಗಲು ಅನುಕೂಲವೂ ಧೈರ್ಯವೂ ಇದ್ದವರ ಹೆಸರುಗಳು ನಮಗೆ ಗೊತ್ತು. ತಂದೆಯ ಹೊಲವನ್ನು ನೋಡಿಕೊಳ್ಳಬೇಕಾಗಿದ್ದವರು, ನೂರೈವತ್ತು ಮೈಲಿ ದೂರದ ತರಬೇತಿಗೆ ವಾರಕ್ಕೆ ಎರಡು ಬಾರಿ ಮಗನನ್ನು ಕರೆದೊಯ್ಯಲಾರದ ಮನೆಯವರು, ಮನೆಮಾತಾದ ವೆಲ್ಷ್ ಭಾಷೆಯ ನೆರೆಹೊರೆಯನ್ನು ಬಿಟ್ಟು ಹದಿನಾರರಲ್ಲಿ ಅಪರಿಚಿತರ ನಡುವೆ ಬದುಕಲಾರದ ಹುಡುಗರು, ಇವರ ಹೆಸರುಗಳು ಯಾವ ಪಟ್ಟಿಯಲ್ಲಿಯೂ ಇಲ್ಲ. ಒಂದು ರಾಷ್ಟ್ರೀಯ ಸಂಸ್ಥೆಯು ತನ್ನ ಪ್ರಜೆಗಳಲ್ಲಿ ಒಂದು ದಿಕ್ಕಿನವರಿಗೆ ಮಾತ್ರ ಪ್ರತಿಭೆಯ ಜೊತೆಗೆ ನಿರ್ವಾಸನವನ್ನೂ ಷರತ್ತಾಗಿ ವಿಧಿಸಿದರೆ, ಅದನ್ನು ಅನ್ಯಾಯವೆಂದಲ್ಲದೆ ಬೇರೆ ಯಾವ ಶಬ್ದದಿಂದ ಕರೆಯಬೇಕೋ ನನಗೆ ತಿಳಿಯದು.

2003ರಲ್ಲಿ ಈ ಅನ್ಯಾಯವನ್ನು ಸರಿಪಡಿಸುವ ಸುಸಂದರ್ಭವೊಂದು ಒದಗಿತ್ತು. ವೃತ್ತಿಪರ ರಗ್ಬಿಯ ವೆಚ್ಚವನ್ನು ಸಣ್ಣ ಊರುಗಳ ಕ್ಲಬ್ಬುಗಳು ಭರಿಸಲಾರವೆಂದು ಮನಗಂಡ ಒಕ್ಕೂಟವು, ಅಂದಿನ ಮುಖ್ಯಾಧಿಕಾರಿ ಡೇವಿಡ್ ಮಾಫೆಟ್ ಅವರ ಮುಂದಾಳುತನದಲ್ಲಿ, ದೇಶವನ್ನು ಪ್ರಾಂತ್ಯಗಳಾಗಿ ವಿಂಗಡಿಸಿ ಐದು ಪ್ರಾಂತೀಯ ತಂಡಗಳನ್ನು ರಚಿಸಿತು. ಐದೂ ದಕ್ಷಿಣದಲ್ಲಿಯೇ ನೆಲೆಸಿದುವು. ಉತ್ತರವು ಲನೆಥ್ಲಿಯ ಸ್ಕಾರ್ಲೆಟ್ಸ್ ತಂಡದ ಪಾಲಿಗೆ ಬಂದಿತೆಂದು ಕಾಗದದ ಮೇಲೆ ಬರೆದುದಾಯಿತು. ರೆಕ್ಸಮ್‌ನಲ್ಲಿ ಕೆಲವು ಪಂದ್ಯಗಳನ್ನು ಏರ್ಪಡಿಸಿದುದೂ ಆಯಿತು. ಆದರೆ ವರ್ಷಕ್ಕೊಮ್ಮೆ ಬಂದುಹೋಗುವ ಅತಿಥಿಯ ತಂಡವನ್ನು ಯಾವ ಹುಡುಗನು ತನ್ನದೆಂದು ಭಾವಿಸಿಯಾನು? ಆ ಐದರಲ್ಲಿ ಪಾಂಟಿಪ್ರಿದ್ ಮತ್ತು ಬ್ರಿಜೆಂಡ್ ಕ್ಲಬ್ಬುಗಳನ್ನು ಒಂದುಗೂಡಿಸಿ ಮಾಡಿದ ಸೆಲ್ಟಿಕ್ ವಾರಿಯರ್ಸ್ ಎಂಬುದು ಒಂದೇ ಋತುವಿನ ಬಾಳು ಬಾಳಿ 2004ರಲ್ಲಿ ಅಳಿದುಹೋಯಿತು. ನಕ್ಷೆಯ ಮೇಲೆ ಗೆರೆ ಎಳೆಯುವುದು ಸುಲಭ, ಆ ಗೆರೆಯೊಳಗೆ ಜನರ ಪ್ರೀತಿಯನ್ನು ತುಂಬುವುದು ಕಠಿನವೆಂಬುದನ್ನು ಒಕ್ಕೂಟವು ಅತ್ಯಂತ ದುಬಾರಿಯಾದ ರೀತಿಯಲ್ಲಿ ಕಲಿಯಿತು.

ಇಂಥ ಹಿನ್ನೆಲೆಯಲ್ಲಿ 2008ರ ನಿರ್ಣಯವನ್ನು ಸಂಶಯದಿಂದ ನೋಡಿದವರನ್ನು ನಾವು ದೂಷಿಸಲಾಗದು. ಹೊಸ ತಂಡಕ್ಕೆ ರಗ್ಬಿ ಗೊಗ್ಲೆದ್ ಕಮ್ರಿ, ಎಂದರೆ ಉತ್ತರ ವೇಲ್ಸಿನ ರಗ್ಬಿ, ಎಂಬ ವೆಲ್ಷ್ ಹೆಸರನ್ನಿಟ್ಟು, ಆರ್‌ಜಿಸಿ ಎಂಬ ಅದರ ಮೂರು ಆದ್ಯಕ್ಷರಗಳ ಮುಂದೆ 1404 ಎಂಬ ಇಸವಿಯನ್ನು ಜೋಡಿಸಿದರು. ಇಂಗ್ಲಿಷ್ ಆಳ್ವಿಕೆಯ ವಿರುದ್ಧ ದಂಗೆಯೆದ್ದ ಒವೈನ್ ಗ್ಲಿಂಡೂರ್ ಎಂಬ ವೀರನು ಮಖನ್ಲೆತ್ ಪಟ್ಟಣದಲ್ಲಿ ಸಂಸತ್ತನ್ನು ಕೂಡಿಸಿದ ವರ್ಷ ಅದು. ಎರಡು ವರ್ಷಗಳ ಬಳಿಕ, 1406ರಲ್ಲಿ, ಅದೇ ಗ್ಲಿಂಡೂರ್ ಪೆನಾಲ್ ಎಂಬಲ್ಲಿಂದ ಫ್ರಾನ್ಸಿನ ದೊರೆಗೆ ಬರೆದ ಪತ್ರದಲ್ಲಿ ತನ್ನ ರಾಜ್ಯಕ್ಕೆ ಎರಡು ವಿಶ್ವವಿದ್ಯಾಲಯಗಳು ಬೇಕೆಂದು, ಒಂದು ಉತ್ತರದಲ್ಲಿ ಮತ್ತೊಂದು ದಕ್ಷಿಣದಲ್ಲಿ ಇರತಕ್ಕದ್ದೆಂದು, ಸ್ಪಷ್ಟವಾಗಿ ನುಡಿದಿದ್ದಾನೆ. ಯುದ್ಧದ ನಡುವೆ ನಿಂತು, ಇನ್ನೂ ಕೈಸೇರದ ರಾಜ್ಯವನ್ನು ಕುರಿತು ಯೋಚಿಸುತ್ತಿದ್ದ ಆ ಮಧ್ಯಯುಗದ ಪುರುಷನಿಗೆ ದೇಶದ ಎರಡೂ ದಿಕ್ಕುಗಳಿಗೆ ಸಮಾನವಾಗಿ ಹಂಚಬೇಕೆಂಬ ವಿವೇಕವಿದ್ದಿತು. ಆ ಇಸವಿಯನ್ನು ತಂಡದ ಹೆಸರಿಗೆ ಸೇರಿಸಿದವರು, ತಿಳಿದೋ ತಿಳಿಯದೆಯೋ, ಒಕ್ಕೂಟದ ಹೆಗಲ ಮೇಲೆ ಒಂದು ಹಿರಿದಾದ ಹೊಣೆಯನ್ನೂ ಹೊರಿಸಿದರೆಂದು ನನ್ನ ಭಾವನೆ.

ತಂಡದ ನೆಲೆ ಕಾಲ್ವಿನ್ ಬೇ ಪಟ್ಟಣದ ಐರಿಯಸ್ ಉದ್ಯಾನವನ. ಸ್ಥಳೀಯ ಆಡಳಿತದ ಸಹಕಾರದಿಂದ 2011ರಲ್ಲಿ ಅಲ್ಲಿ ಹೊಸ ಪ್ರೇಕ್ಷಕಾಗಾರವೂ ಒಳಾಂಗಣ ಅಭ್ಯಾಸಶಾಲೆಯೂ ಸಿದ್ಧವಾದುವು. ಕೆಲಕಾಲದಲ್ಲಿಯೇ ವೇಲ್ಸಿನ ಇಪ್ಪತ್ತು ವರ್ಷದೊಳಗಿನವರ ರಾಷ್ಟ್ರೀಯ ತಂಡವು ತನ್ನ ಷಟ್‌ರಾಷ್ಟ್ರ ಪಂದ್ಯಗಳನ್ನು ಅಲ್ಲಿ ಆಡತೊಡಗಿತು. ಚಳಿಗಾಲದ ಶುಕ್ರವಾರದ ರಾತ್ರಿಗಳಲ್ಲಿ ಸಾವಿರಾರು ಮಂದಿ ನೆರೆದು ಆ ಎಳೆಯರ ಆಟವನ್ನು ನೋಡಿದರೆಂಬುದು, ಉತ್ತರದವರಿಗೆ ರಗ್ಬಿಯಲ್ಲಿ ಆಸಕ್ತಿಯಿಲ್ಲವೆಂಬ ಹಳೆಯ ವಾದಕ್ಕೆ ಯಾವ ಪ್ರಬಂಧಕ್ಕಿಂತಲೂ ಸಮರ್ಪಕವಾದ ಉತ್ತರ. ಅವರಿಗೆ ಇಲ್ಲದಿದ್ದುದು ಆಸಕ್ತಿಯಲ್ಲ, ಆಸಕ್ತಿಯನ್ನು ತೋರಿಸಲು ತಕ್ಕ ಸ್ಥಳ.

ಇಲ್ಲಿ ಮತ್ತೊಂದು ತಂಡದ ಗತಿಯನ್ನು ನೆನೆಯುವುದು ಉಚಿತ. ಹದಿಮೂರು ಜನರ ರಗ್ಬಿ ಲೀಗ್ ಆಟದ ಕ್ರುಸೇಡರ್ಸ್ ಎಂಬ ವೃತ್ತಿಪರ ತಂಡವು ದಕ್ಷಿಣದ ಬ್ರಿಜೆಂಡನ್ನು ಬಿಟ್ಟು 2010ರ ಋತುವಿಗೆ ರೆಕ್ಸಮ್‌ಗೆ ಬಂದಿತು. ಅದರಲ್ಲಿ ಹೆಸರಾಂತ ಆಟಗಾರರಿದ್ದರು. ಬ್ರಿಟನ್ನಿನ ಅತ್ಯುನ್ನತ ಲೀಗಿನಲ್ಲಿ ಅದಕ್ಕೆ ಸ್ಥಾನವಿದ್ದಿತು. 2011ರ ಋತುವಿನ ಅಂತ್ಯಕ್ಕೆ ಅದು ಆ ಲೀಗಿನಿಂದ ಹಿಂದೆ ಸರಿದು ಮುಗಿದೇಹೋಯಿತು. ಹೀಗೆ ಏಕಾಯಿತೆಂಬುದಕ್ಕೆ ಹಣದ ಕಾರಣಗಳನ್ನು ಹೇಳುವರು, ಅವು ಸುಳ್ಳಲ್ಲ. ಆದರೆ ಹಣ ಮುಗಿದಾಗ ತಂಡವನ್ನು ಎತ್ತಿಹಿಡಿಯತಕ್ಕ ಶಾಲೆಗಳಾಗಲಿ, ಊರ ಕ್ಲಬ್ಬುಗಳಾಗಲಿ, ಮಗನನ್ನು ಆ ಅಂಗಿಯಲ್ಲಿ ನೋಡಬಯಸುವ ತಾಯಂದಿರಾಗಲಿ ಅದರ ಬೆನ್ನಿಗೆ ಇನ್ನೂ ಇರಲಿಲ್ಲವೆಂಬುದು ಅದಕ್ಕಿಂತ ಆಳವಾದ ಕಾರಣ. ಮೇಲಿನಿಂದ ತಂದು ನಿಲ್ಲಿಸಿದ ಕಂಬಕ್ಕೂ ಬೇರಿನಿಂದ ಎದ್ದ ಮರಕ್ಕೂ ಇರುವ ವ್ಯತ್ಯಾಸ ಗಾಳಿ ಬೀಸುವವರೆಗೆ ಕಾಣುವುದಿಲ್ಲ.

ಆರ್‌ಜಿಸಿ ತಂಡವೂ ಮೇಲಿನಿಂದಲೇ ಬಂದುದಾದರೂ ಉಳಿದುಕೊಂಡದ್ದು ಹೇಗೆ? ಅದರ ಹೆಚ್ಚಿನ ಕೆಲಸ ಪ್ರೇಕ್ಷಕರ ಕಣ್ಣಿಗೆ ಬೀಳದ ಕಡೆ ನಡೆಯಿತೆಂಬುದರಲ್ಲಿ ಇದಕ್ಕೆ ಉತ್ತರ ಸಿಗುತ್ತದೆ. ಬ್ಯಾಂಗರ್, ಕೈರ್ನಾರ್ವನ್, ಪುಲ್‌ಹೆಲಿ, ಲಾಂಗೆವ್ನಿ, ನಾಂಟ್ ಕಾನ್ವಿ, ರಿಥಿನ್, ಮೋಲ್ಡ್ ಮೊದಲಾದ ಊರುಗಳಲ್ಲಿ ಸ್ವಯಂಸೇವಕರು ಬಹುಕಾಲದಿಂದ ನಡೆಸಿಕೊಂಡು ಬಂದ ಕ್ಲಬ್ಬುಗಳು ಇದ್ದುವು. ಬೆಳಗ್ಗೆ ಮೈದಾನಕ್ಕೆ ಸುಣ್ಣದ ಗೆರೆ ಬಳಿದು, ಮಧ್ಯಾಹ್ನ ಅಲ್ಲಿಯೇ ಆಡಿ, ಸಂಜೆ ಎದುರಾಳಿಗಳಿಗೆ ಊಟ ಬಡಿಸುವಂಥ ಜನ ಅವರು. ಈ ಕ್ಲಬ್ಬುಗಳಲ್ಲಿ ಎಂಟು ಹತ್ತು ವರ್ಷದ ಮಕ್ಕಳು ಆಟ ಕಲಿಯುತ್ತಾರೆ. ಅವರಲ್ಲಿ ಹೊಳಪುಳ್ಳವರು ಹದಿಹರೆಯಕ್ಕೆ ಬಂದಾಗ ವಯೋಮಾನಕ್ಕೆ ತಕ್ಕ ಪ್ರಾಂತೀಯ ತಂಡಗಳಿಗೆ ಆಯ್ಕೆಯಾಗುತ್ತಾರೆ. ಓದನ್ನು ಬಿಡದೆ, ಮನೆಯಲ್ಲಿಯೇ ಉಂಡು ಮಲಗಿ, ಐರಿಯಸ್‌ನಲ್ಲಿ ತಕ್ಕ ತರಬೇತಿಯನ್ನು ಪಡೆಯುತ್ತಾರೆ. ಹಿರಿಯರ ತಂಡಕ್ಕೆ ಸೇರಿದ ಮೇಲೂ ಬಿಡುವಿರುವ ವಾರ ತಮ್ಮ ಊರಿನ ಕ್ಲಬ್ಬಿಗೆ ಹಿಂತಿರುಗಿ ಆಡಬಲ್ಲರು. ಈ ವ್ಯವಸ್ಥೆಯಲ್ಲಿ ಘರ್ಷಣೆ ಇರುವುದಿಲ್ಲವೆಂದಲ್ಲ. ಹತ್ತು ವರ್ಷ ಸಾಕಿ ಬೆಳೆಸಿದ ಹುಡುಗನನ್ನು ತನ್ನ ಅತಿಮುಖ್ಯ ಪಂದ್ಯದ ದಿನ ಮೇಲಿನ ತಂಡವು ಕರೆದುಕೊಂಡರೆ ಊರ ಕ್ಲಬ್ಬಿಗೆ ನೋವಾಗದೆ ಇದ್ದೀತೆ? ಆ ನೋವನ್ನು ಆ ಕ್ಲಬ್ಬುಗಳು ಸಹಿಸಿದುವು. ತಂಡದ ಏಳಿಗೆಗೆ ಸಂದ ಪ್ರಶಂಸೆಯಲ್ಲಿ ಬಹುಪಾಲು ಈ ಸಹನೆಗೆ ಸಲ್ಲತಕ್ಕದ್ದು. ಪತ್ರಿಕೆಗಳಲ್ಲಿ ಅದು ಅಷ್ಟಾಗಿ ಸಲ್ಲಲಿಲ್ಲವೆಂಬುದು ನನಗೆ ನಿಜವಾಗಿಯೂ ಖೇದದ ಸಂಗತಿ.

ಎರಡನೆಯ ಸ್ತರದ ಲೀಗಿನಲ್ಲಿ ಕೆಲವು ವರ್ಷ ಆಡಿ ಪಳಗಿದ ತಂಡವು 2016ರಲ್ಲಿ, ಪ್ರೀಮಿಯರ್‌ಶಿಪ್ ವಿಭಾಗವನ್ನು ಹದಿನಾರು ತಂಡಗಳಿಗೆ ವಿಸ್ತರಿಸಿದಾಗ, ಅದಕ್ಕೆ ಬಡ್ತಿ ಪಡೆಯಿತು. ತರಬೇತುದಾರನಾಗಿದ್ದವನು ವೇಲ್ಸಿನ ಹಿಂದಿನ ವಿಂಗ್ ಆಟಗಾರ ಮಾರ್ಕ್ ಜೋನ್ಸ್. ಅವನಾದರೋ ಮಧ್ಯ ವೇಲ್ಸಿನ ಬಿಲ್ತ್ ಎಂಬ ಚಿಕ್ಕ ಊರಿನಿಂದ ಬಂದವನಾದುದರಿಂದ, ದೊಡ್ಡ ಊರುಗಳಿಂದ ದೂರವಿರುವವರ ಮನಸ್ಸನ್ನು ಬಲ್ಲವನಾಗಿದ್ದನು. ಆ ಮೊದಲ ಋತುವಿನಲ್ಲಿ ಉತ್ತರದವರು ಸೋಲುತ್ತ ಕಲಿಯುವರೆಂದು ಹಲವರು ಎಣಿಸಿದ್ದರು; ಅದೇ ಋತುವಿನ ಕೊನೆಗೆ ಕಪ್ಪು ಅವರದಾಯಿತು. ನಾಲ್ಕು ಅಂಕಗಳ ಅಂತರವೆಂದರೆ ರಗ್ಬಿಯಲ್ಲಿ ಒಂದು ಟ್ರೈಗಿಂತಲೂ ಕಡಮೆ: ಕಡೆಯ ಕ್ಷಣದ ಒಂದು ಓಟದಿಂದ ಎಲ್ಲವೂ ತಲೆಕೆಳಗಾಗಬಹುದು. ಅಂಥ ಅಂತರವನ್ನು ಕೊನೆಯವರೆಗೂ ಕಾಯ್ದುಕೊಳ್ಳಲು ಚುರುಕುತನಕ್ಕಿಂತ ಮಿಗಿಲಾಗಿ ಒಬ್ಬರನ್ನೊಬ್ಬರು ನಂಬುವ ಗುಣ ಬೇಕು. ಒಂದೇ ಸೀಮೆಯ ಶಾಲೆಗಳಲ್ಲಿಯೂ ಕ್ಲಬ್ಬುಗಳಲ್ಲಿಯೂ ಜೊತೆಯಾಗಿ ಬೆಳೆದ ಹುಡುಗರಲ್ಲಿ ಆ ಗುಣ ಸಹಜವಾಗಿಯೇ ಇರುವಂಥದು.

ಆದರೆ ಆ ದಿನ ಸೋತವರ ಪಕ್ಷವನ್ನೂ ಇಲ್ಲಿ ಹೇಳದೆ ಹೋದರೆ ನನ್ನ ವಾದ ಅಪ್ರಾಮಾಣಿಕವಾದೀತು. ಪಾಂಟಿಪ್ರಿದ್ 1876ರಲ್ಲಿ ಹುಟ್ಟಿದ ಕ್ಲಬ್ಬು. ಕಪ್ಪನ್ನು ಹಲವು ಬಾರಿ ಗೆದ್ದುದು. ಟ್ಯಾಫ್ ನದಿಯ ಕಣಿವೆಯ ಜನರ ಭಾವಜೀವನದ ಒಂದು ಅಂಗ. ಪ್ರಾಂತೀಯ ವ್ಯವಸ್ಥೆಯಲ್ಲಿ ತನ್ನ ಪಾಲಿನ ವೃತ್ತಿಪರ ತಂಡವನ್ನು ಒಂದೇ ವರ್ಷದಲ್ಲಿ ಕಳೆದುಕೊಂಡುದು ಅದೇ. ಆ ಕ್ಲಬ್ಬಿನ ಹಿತೈಷಿಯೊಬ್ಬನು, ನಮ್ಮ ಊರಿನ ನೂರಾರು ಮಂದಿ ಚಂದಾ ಕೂಡಿಸಿ ನಡೆಸುವ ತಂಡದ ಎದುರಿಗೆ ಒಕ್ಕೂಟವೇ ಹಣ ಕೊಟ್ಟು ಬೆಳೆಸಿದ ತಂಡವನ್ನು ಕಣಕ್ಕೆ ಇಳಿಸುವುದು ಸಮನ್ಯಾಯವೆ, ಎಂದು ಕೇಳಿದರೆ ಆ ಪ್ರಶ್ನೆಯಲ್ಲಿ ಹುರುಳಿಲ್ಲವೆನ್ನಲಾಗದು. ಪಂದ್ಯವನ್ನು ನಡೆಸುವ ಸಂಸ್ಥೆಯೇ ಪಂದ್ಯದಲ್ಲಿ ಒಂದು ಪಕ್ಷವನ್ನು ಪೋಷಿಸುವುದು ತತ್ತ್ವದೃಷ್ಟಿಯಿಂದ ಆಕ್ಷೇಪಾರ್ಹವೇ ಸರಿ. ಇದಕ್ಕೆ ನನ್ನ ಸಮಾಧಾನ ಇಷ್ಟೆ: ದಕ್ಷಿಣದ ಕಣಿವೆಗಳಲ್ಲಿ ನೂರಿಪ್ಪತ್ತು ವರ್ಷಗಳ ಕಾಲ ರಗ್ಬಿ ಬೆಳೆದದ್ದು ಕೇವಲ ಜನರ ಸ್ವಸಾಮರ್ಥ್ಯದಿಂದಲ್ಲ. ರಾಷ್ಟ್ರೀಯ ಪಂದ್ಯಗಳು, ಆಯ್ಕೆಸಮಿತಿಗಳು, ಕ್ರೀಡಾಂಗಣ, ಪ್ರಚಾರ, ಎಲ್ಲವೂ ಅಲ್ಲಿಗೆ ಹತ್ತಿರವಿದ್ದುದು ತಾನೇ ಒಂದು ಅದೃಶ್ಯವಾದ ಪೋಷಣೆ. ಆ ಪೋಷಣೆಗೆ ಯಾರೂ ಲೆಕ್ಕ ಇಟ್ಟಿಲ್ಲವಾದುದರಿಂದ ಅದು ಇರಲಿಲ್ಲವೆಂದು ತೋರುತ್ತದೆ. ಉತ್ತರಕ್ಕೆ ಕೊಟ್ಟ ಹಣಕ್ಕೆ ಲೆಕ್ಕಪತ್ರವಿರುವುದರಿಂದ ಅದು ಪಕ್ಷಪಾತವೆಂದು ತೋರುತ್ತದೆ. ಹಾಗಿದ್ದರೂ ಪಾಂಟಿಪ್ರಿದ್‌ಗೆ ಆದ ಗಾಯ ಇದರಿಂದ ಮಾಯುವುದಿಲ್ಲ. 2003ರ ಏರ್ಪಾಟಿನಲ್ಲಿ ಅದಕ್ಕೂ ಉತ್ತರಕ್ಕೂ ಆದ ಅನ್ಯಾಯದ ಮೂಲ ಒಂದೇ ಎಂಬುದನ್ನು ಎರಡು ಕಡೆಯವರೂ ಮನಗಂಡರೆ, ಆ ಫೈನಲ್ ಪಂದ್ಯದ ಎದುರಾಳಿಗಳು ನಿಜವಾಗಿ ಸಮದುಃಖಿಗಳೆಂದು ಅವರಿಗೆ ಹೊಳೆಯಬಹುದು.

ಉತ್ತರವು ಫುಟ್‌ಬಾಲಿನ ಸೀಮೆ, ಅಲ್ಲಿ ರಗ್ಬಿಗೆ ಹಣ ಸುರಿಯುವುದು ವ್ಯರ್ಥ, ಎಂಬ ಇನ್ನೊಂದು ಆಕ್ಷೇಪಣೆಗೆ ಹೆಚ್ಚು ಮಾತು ಬೇಡ. ಒಂದು ನಾಡಿನ ಮಕ್ಕಳು ಒಂದೇ ಆಟವನ್ನು ಪ್ರೀತಿಸಬೇಕೆಂಬ ವಿಧಿ ಎಲ್ಲಿಯೂ ಇಲ್ಲ. ದಕ್ಷಿಣದ ಸ್ವಾನ್ಸೀ, ಕಾರ್ಡಿಫ್ ನಗರಗಳಲ್ಲಿ ಬಲಿಷ್ಠವಾದ ಫುಟ್‌ಬಾಲ್ ತಂಡಗಳಿದ್ದರೂ ಅಲ್ಲಿ ರಗ್ಬಿಗೆ ಕೊಡುವುದು ವ್ಯರ್ಥವೆಂದು ಯಾರೂ ಹೇಳುವುದಿಲ್ಲ.

ಹೆಚ್ಚು ಗಂಭೀರವಾಗಿ ಆಲೋಚಿಸತಕ್ಕ ಪ್ರಶ್ನೆಯೆಂದರೆ, ತಂಡವು ಯಾವ ಉದ್ದೇಶಕ್ಕಾಗಿ ಹುಟ್ಟಿತೋ ಆ ಉದ್ದೇಶ ಎಷ್ಟರ ಮಟ್ಟಿಗೆ ಈಡೇರಿತೆಂಬುದು. ಕಪ್ಪು ಗೆಲ್ಲುವುದು ಸಂತೋಷದ ವಿಷಯ, ಆದರೆ ಅದು ವಿಕಾಸತಂಡದ ಅಳತೆಗೋಲಾಗಲಾರದು. ಉತ್ತರದ ಹುಡುಗನೊಬ್ಬನು ಬಾಲ್ಯದಿಂದ ರಾಷ್ಟ್ರೀಯ ತಂಡದವರೆಗೆ ಏರುವ ಏಣಿಯಲ್ಲಿ ಎಷ್ಟು ಮೆಟ್ಟಿಲುಗಳು ಈಗ ಅವನ ಮನೆಯ ಸಮೀಪದಲ್ಲಿವೆ ಎಂದು ನಾವು ಎಣಿಸಬೇಕು. ಮೊದಲಿನ ಹಲವು ಮೆಟ್ಟಿಲುಗಳು ಈಗ ಇವೆ, ನಿಸ್ಸಂದೇಹವಾಗಿ ಇವೆ. ಆದರೆ ಅರೆವೃತ್ತಿಯ ಆಟದಿಂದ ಪೂರ್ಣವೃತ್ತಿಯ ಆಟಕ್ಕೆ ಹತ್ತುವ ಮೆಟ್ಟಿಲು ಇಂದಿಗೂ ಬೆಟ್ಟಗಳ ಆಚೆಗಿದೆ, ಅಥವಾ ದೇಶದ ಗಡಿಯ ಆಚೆಗಿದೆ. ಆರ್‌ಜಿಸಿಯಲ್ಲಿ ಪಳಗಿದ ಪ್ರಾಪ್ ಆಟಗಾರ ಸ್ಯಾಮ್ ವೇನ್‌ರೈಟ್, 2022ರ ದಕ್ಷಿಣ ಆಫ್ರಿಕ ಪ್ರವಾಸದಲ್ಲಿ ವೇಲ್ಸಿನ ಪರವಾಗಿ ಮೊದಲ ಬಾರಿಗೆ ಕಣಕ್ಕಿಳಿದಾಗ ಲಂಡನ್ನಿನ ಸಾರಸೆನ್ಸ್ ತಂಡದ ಆಟಗಾರನಾಗಿದ್ದನು. ಅವನು ಹೋದುದರಲ್ಲಿ ತಪ್ಪಿಲ್ಲ. ಆಟಗಾರನ ಆಯುಷ್ಯ ಅಲ್ಪ, ಅವನು ತನ್ನ ಏಳಿಗೆಯನ್ನು ನೋಡಿಕೊಳ್ಳಲೇಬೇಕು. ಆದರೆ ಅವನಿಗೆ ಹೋಗುವುದರ ಹೊರತು ಬೇರೆ ದಾರಿಯೇ ಇರಲಿಲ್ಲವೆಂಬುದು ಡೆವಿ ಬೆಬ್‌ನ ಕಾಲಕ್ಕೂ ನಮ್ಮ ಕಾಲಕ್ಕೂ ನಡುವೆ ವ್ಯತ್ಯಾಸ ನಾವು ನೆನೆದಷ್ಟಿಲ್ಲವೆಂದು ತಿಳಿಸುತ್ತದೆ.

2024ರಲ್ಲಿ ಒಕ್ಕೂಟವು ಪ್ರಾಂತೀಯ ತಂಡಗಳ ಕೆಳಗಿನ ಸ್ತರವನ್ನು ಹೊಸದಾಗಿ ರಚಿಸಿ, ಸೂಪರ್ ರಗ್ಬಿ ಕಮ್ರಿ ಎಂಬ ಹತ್ತು ತಂಡಗಳ ಸ್ಪರ್ಧೆಯನ್ನು ಆರಂಭಿಸಿದಾಗ ಆರ್‌ಜಿಸಿಗೂ ಅದರಲ್ಲಿ ಸ್ಥಾನ ಸಿಕ್ಕಿತು. ಹತ್ತರಲ್ಲಿ ಉತ್ತರದ್ದು ಅದೊಂದೇ. ಮರುವರ್ಷವೇ, 2025ರಲ್ಲಿ, ಹಣದ ಅಭಾವದ ಕಾರಣ ನಾಲ್ಕು ವೃತ್ತಿಪರ ತಂಡಗಳನ್ನು ಮೂರಕ್ಕೆ ಇಳಿಸುವ ಯೋಜನೆಯನ್ನು ಒಕ್ಕೂಟ ಪ್ರಕಟಿಸಿತು. ದಕ್ಷಿಣದಲ್ಲಿ ಇದರಿಂದ ಎದ್ದ ಕೋಲಾಹಲ ಸ್ವಾಭಾವಿಕವಾದುದೇ. ತನ್ನ ತಂಡ ಅಳಿಯಬಹುದೆಂಬ ಭಯ ಯಾವ ಊರಿಗಾದರೂ ಸಂಕಟಕರ. ಆದರೆ ಈ ನಾಲ್ಕು ತಂಡಗಳೂ ದೇಶದ ದಕ್ಷಿಣ ಕರಾವಳಿಯ ಒಂದೇ ಪಟ್ಟಿಯಲ್ಲಿವೆಯೆಂಬುದನ್ನೂ, ಮೂರಾದ ಮೇಲೆಯೂ ಅವು ಅದೇ ಪಟ್ಟಿಯಲ್ಲಿರುವುವೆಂಬುದನ್ನೂ, ಉತ್ತರದವನೊಬ್ಬನು ಈ ಚರ್ಚೆಯನ್ನು ದೂರದಿಂದ ಕೇಳುತ್ತ ಕುಳಿತಿರುವನೆಂಬುದನ್ನೂ ಎಷ್ಟು ಮಂದಿ ಗಮನಿಸಿದರು? ಕಳೆದುಕೊಳ್ಳಲು ತನಗೆ ಏನನ್ನೂ ಕೊಟ್ಟಿರದ ಮನೆಯಲ್ಲಿ ಭಾಗ ಆಗುತ್ತಿರುವುದನ್ನು ನೋಡುವವನ ಸ್ಥಿತಿ ಅವನದು.

ಹಾಗಾದರೆ ಉತ್ತರಕ್ಕೂ ಒಂದು ವೃತ್ತಿಪರ ತಂಡವನ್ನು ಇಂದೇ ಕೊಡಬೇಕೆಂದು ಕೇಳೋಣವೆ? ಹಾಗೆ ಕೇಳುವವರ ಉತ್ಸಾಹವನ್ನು ನಾನು ಗೌರವಿಸುತ್ತೇನೆ, ಆದರೆ ಅವರ ಜೊತೆಗೆ ಹೋಗಲಾರೆ. ಇರುವ ತಂಡಗಳನ್ನೇ ಸಾಕಲಾರದ ಒಕ್ಕೂಟವು ಇನ್ನೊಂದನ್ನು ಹೆತ್ತರೆ ಅದು ಕ್ರುಸೇಡರ್ಸ್‌ನ ಗತಿಯನ್ನೇ ಕಾಣಬಹುದು. ಹುಟ್ಟಿ ಸತ್ತ ತಂಡವು ಹುಟ್ಟದ ತಂಡಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ, ಏಕೆಂದರೆ ತರುವಾಯ ಮತ್ತೆ ಪ್ರಯತ್ನಿಸುವ ಧೈರ್ಯವನ್ನೇ ಅದು ಒಯ್ದುಬಿಡುತ್ತದೆ. ಅದಕ್ಕಿಂತ ಕಡಮೆ ವೆಚ್ಚದ, ಆದರೆ ಅಷ್ಟೇ ಅವಶ್ಯಕವಾದ ಬೇಡಿಕೆಗಳಿವೆ. ಐರಿಯಸ್‌ನ ತರಬೇತಿಶಾಲೆಗೆ ಕೊಡುವ ಹಣವು ಪ್ರತಿವರ್ಷದ ಆಯವ್ಯಯದಲ್ಲಿ ದಯೆಯಿಂದ ಮಂಜೂರಾಗತಕ್ಕ ಬಾಬಾಗಿರದೆ, ಹತ್ತು ವರ್ಷಗಳಿಗಾದರೂ ಮುಂಗಡವಾಗಿ ನಿಶ್ಚಿತವಾಗಿರತಕ್ಕದ್ದು. ಹನ್ನೆರಡನೆಯ ವಯಸ್ಸಿನ ಹುಡುಗನ ತಂದೆತಾಯಂದಿರಿಗೆ ಆ ಶಾಲೆ ಅವನ ಇಪ್ಪತ್ತೆರಡನೆಯ ವಯಸ್ಸಿನವರೆಗೆ ಇರುವುದೆಂಬ ಭರವಸೆ ಬೇಕು. ಉಳಿಯುವ ಮೂರು ವೃತ್ತಿಪರ ತಂಡಗಳು ಉತ್ತರದ ಎಳೆಯರನ್ನು ಕರಾರಿಗೆ ತೆಗೆದುಕೊಂಡಾಗ, ಅವರು ಪಳಗುವವರೆಗೆ ಆರ್‌ಜಿಸಿಯಲ್ಲಿಯೇ ಆಡುವಂತೆ ಏರ್ಪಡಿಸಿ, ಅವರನ್ನು ಬೆಳೆಸಿದ ಊರ ಕ್ಲಬ್ಬಿಗೆ ತಕ್ಕ ದ್ರವ್ಯವನ್ನು ಸಲ್ಲಿಸತಕ್ಕದ್ದು. ವರ್ಷದಲ್ಲಿ ಕೆಲವು ವೃತ್ತಿಪರ ಪಂದ್ಯಗಳು, ಕೇವಲ ಪ್ರದರ್ಶನಕ್ಕಾಗಿ ಅಲ್ಲದೆ ಅಂಕಪಟ್ಟಿಗೆ ಸೇರುವ ಪಂದ್ಯಗಳು, ಕಾಲ್ವಿನ್ ಬೇಯಲ್ಲಿಯೂ ರೆಕ್ಸಮ್‌ನಲ್ಲಿಯೂ ನಡೆಯತಕ್ಕದ್ದು. ಇಪ್ಪತ್ತು ವರ್ಷದೊಳಗಿನವರ ಪಂದ್ಯಕ್ಕೆ ಸಾವಿರಾರು ಸಂಖ್ಯೆಯಲ್ಲಿ ಬಂದ ಜನ ಅದಕ್ಕೂ ಬಂದಾರು.

ಇವೆಲ್ಲಕ್ಕಿಂತ ಮೊದಲು ಆಗಬೇಕಾದುದು ಇನ್ನೊಂದಿದೆ. ವೃತ್ತಿಪರ ತಂಡಗಳ ಸಂಖ್ಯೆಯನ್ನೂ ಸ್ಥಳವನ್ನೂ ನಿಶ್ಚಯಿಸುವ ಸಭೆಯಲ್ಲಿ ಉತ್ತರದ ಕ್ಲಬ್ಬುಗಳ ಪ್ರತಿನಿಧಿಯೊಬ್ಬನು ಕೇಳುಗನಾಗಿ ಅಲ್ಲ, ಮತವುಳ್ಳವನಾಗಿ ಕುಳಿತಿರಬೇಕು. ಅವನ ಮಾತನ್ನು ಒಪ್ಪದಿದ್ದರೆ ಏಕೆ ಒಪ್ಪಲಿಲ್ಲವೆಂಬುದನ್ನು ಒಕ್ಕೂಟವು ಬರಹದಲ್ಲಿ ಪ್ರಕಟಿಸಬೇಕು. 1881ರ ಪಟ್ಟಿಯಲ್ಲಿ ಬ್ಯಾಂಗರಿನ ಹೆಸರನ್ನು ಬರೆದುಕೊಂಡ ಸಂಸ್ಥೆಗೆ ಇದು ಹೊಸ ಔದಾರ್ಯವಾಗಲಾರದು. ಮೂರು ತಂಡಗಳ ಯೋಜನೆಯ ವಿವರಗಳು ಇನ್ನೂ ಚರ್ಚೆಯಲ್ಲಿರುವ ಈ ಕಾಲವೇ ಅದಕ್ಕೆ ತಕ್ಕ ಕಾಲ. ಕರಾರುಗಳಿಗೆ ಸಹಿ ಬಿದ್ದ ಮೇಲೆ ಆ ಬಾಗಿಲು ಇನ್ನೊಂದು ತಲೆಮಾರಿನವರೆಗೆ ಮುಚ್ಚಿರುವ ಸಂಭವವೇ ಹೆಚ್ಚು.